ಓತಿಕ್ಯಾತನ ಬಯಲು ಚಿತ್ರಶಾಲೆ

ಬೀದರ ಸೀಮೆಯ ಗೋರ್ಟಾ (ಬಿ) ಊರಾಚೆ, ತೊಗರಿ ಹೊಲದ ಬದುವಿನ ಮೇಲೆ ಒಬ್ಬ ಓತಿಕ್ಯಾತ ಇದ್ದಾನೆ ಎಂದುಕೊಳ್ಳಿ. ಅವನಿಗೆ ಚಿತ್ರ ಬರೆಯುವ ಹುಚ್ಚು. ಅದೂ ಬಯಲಲ್ಲೇ ಕೂತು, ಕಂಡದ್ದನ್ನು ಕಂಡಲ್ಲೇ ಬರೆಯಬೇಕೆಂಬ ಹಟ. ಹುಚ್ಚು ಹತ್ತಿದ್ದಕ್ಕೆ ಅವನನ್ನು ದೂರುವಂತಿಲ್ಲ. ಅವನ ಸೀಮೆಯೇ ಅಂಥದ್ದು. 12ನೆಯ ಶತಮಾನದಲ್ಲಿ ಇಲ್ಲಿಯದೇ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದವನು. ಆನೆಯಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಇಲ್ಲದ್ದು ಕಡಿಮೆ. ಚಿತ್ರಕಲೆಯ ಬಗ್ಗೆಯಂತೂ ದೊರೆ ಕೈಯಲ್ಲಿ ಬಣ್ಣ ಹತ್ತಿಸಿಕೊಂಡೇ ಬರೆದಂತಿದೆ. ಎಮ್ಮೆಯ ಹಸಿ ಚರ್ಮವನ್ನು ನೀರಲ್ಲಿ ಹಾಕಿ ಬೆಣ್ಣೆಯಂತೆ ಮೆತ್ತಗಾಗುವ ತನಕ ಕುದಿಸಿ ವಜ್ರಲೇಪವೆಂಬ ಅಂಟು ಮಾಡಬೇಕು. ಕುಂಚಕ್ಕೆ ಕರುವಿನ ಕಿವಿಯ ಕೂದಲು. ಬಿಳುಪಿಗೆ ಶಂಖದ ಪುಡಿ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ದರದವೆಂಬ ಕೆಂಪಿಗೆ ಶಂಖ ಬೆರೆಸಿದರೆ ಕೆಂದಾವರೆಯ ಬಣ್ಣ.

ಎಲ್ಲ ಸರಿ. ಆದರೆ ದೊರೆಯ ಕಣ್ಣಿದ್ದದ್ದು ಗೋಡೆಯ ಮೇಲೆ. ಗೋಡೆ ನುಣುಪು ಮಾಡು, ಲೇಪ ಕೊಡು, ಒಣಗಲಿ, ಆಮೇಲೆ ಗೆರೆ ಎಳೆ. ಗೋಡೆ ಎಲ್ಲಿಗೂ ಹೋಗುವುದಿಲ್ಲ. ಕ್ಯಾತನ ಎದುರಿಗಿರುವುದು ಬಯಲು; ಅದು ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರುವುದಿಲ್ಲ.

ಮೊದಲ ತೊಡಕು ಬೆಳಗಿನದೇ. ಬೀದರ ಸೀಮೆಯ ಚಳಿಗಾಲದ ಬೆಳಗು ನೋಡಿದವರಿಗೆ ಗೊತ್ತು, ಹೂಬಿಟ್ಟ ತೊಗರಿಯ ಮೇಲೆ ಎಳೆಬಿಸಿಲು ಬಿದ್ದಾಗ ಆ ಹಳದಿಗೆ ಹರಿತಾಳವೂ ಸಾಲದು. ಎರೆಮಣ್ಣಿನ ಕಪ್ಪು ಅದಕ್ಕೆ ಹಿನ್ನೆಲೆ. ಬರೆದರೆ ಅದನ್ನು ಬರೆಯಬೇಕು. ಆದರೆ ಕ್ಯಾತ ಶೀತರಕ್ತದ ಪ್ರಾಣಿ. ಮೊದಲು ಬಿಸಿಲಿಗೆ ಮೈಯೊಡ್ಡಬೇಕು. ಮೈ ಕಾದು, ಕಾಲು ಸಡಿಲಾಗಿ, ಕುಂಚ ಹಿಡಿಯುವಷ್ಟರಲ್ಲಿ ಎಳೆಬಿಸಿಲು ಬಲಿತು ನೆರಳೆಲ್ಲ ಗಿಡದ ಬುಡಕ್ಕೆ ಸರಿದಿರುತ್ತದೆ. ನಡುಹಗಲು ಅವನೇ ನೆರಳು ಹುಡುಕಿ ಹೋಗಬೇಕು. ಏಪ್ರಿಲ್ ಬಂತೆಂದರೆ ನೀರುಬಣ್ಣ ಕಾಗದ ಮುಟ್ಟುವ ಮೊದಲೇ ಕುಂಚದ ತುದಿಯಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಬರೆದದ್ದು ಒಣಗುವುದೇ ಇಲ್ಲ. ಸೋಮೇಶ್ವರ ಹಸಿಬಣ್ಣದ ರಸಚಿತ್ರ ಬೇರೆ, ಪುಡಿಬಣ್ಣದ ಧೂಳಿಚಿತ್ರ ಬೇರೆ ಎಂದು ವಿಂಗಡಿಸಿದ್ದಾನೆ. ಗೋರ್ಟಾದ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಹಾದುಹೋದರೆ ಮೊದಲನೆಯದು ಎರಡನೆಯದಾಗಲು ಹೊತ್ತು ಬೇಕಿಲ್ಲ.

ಬಯಲಲ್ಲಿ ಬರೆಯುವವರೆಲ್ಲರ ಪಾಡೂ ಇಷ್ಟೇ ಅನ್ನಿ. 1870ರಲ್ಲಿ ಫ್ರಾನ್ಸಿನ ಟ್ರೂವಿಲ್ ಕಡಲದಂಡೆಯಲ್ಲಿ ಕೂತು ಚಿತ್ರಕಾರ ಮೊನೆ ಬರೆದ ಚಿತ್ರದಲ್ಲಿ ಇವತ್ತಿಗೂ ಮರಳಿನ ಕಣಗಳಿವೆ. ವ್ಯಾನ್ ಗೋ 1889ರಲ್ಲಿ ಬರೆದ ಆಲಿವ್ ಮರಗಳ ಒಂದು ಚಿತ್ರದ ಬಣ್ಣದೊಳಗೆ ಮಿಡತೆಯೊಂದರ ಚೂರು ಅಂಟಿಕೊಂಡಿತ್ತು. ಚಿತ್ರವಿರುವ ಅಮೆರಿಕದ ಕಾನ್ಸಾಸ್ ಸಿಟಿಯ ಮ್ಯೂಸಿಯಂ 2017ರಲ್ಲಿ ಈ ಸಂಗತಿ ಹೇಳಿದಾಗ ಜಗತ್ತೆಲ್ಲ ಬೆರಗಾಯಿತು. ಪಾಪ, ನಮ್ಮ ಕ್ಯಾತನಿಗೆ ಆ ಭಾಗ್ಯವಿಲ್ಲ. ಅವನ ಹಸಿಬಣ್ಣದ ಮೇಲೆ ಕೂತ ಮಿಡತೆಯನ್ನು ಅವನೇ ನುಂಗುತ್ತಾನೆ. ಮ್ಯೂಸಿಯಂನವರಿಗೆ ಸಾಕ್ಷಿಯೇ ಉಳಿಯುವುದಿಲ್ಲ. ಉಳಿಯುವುದು ಆಕಾಶದ ನಡುವೆ ನಾಲಗೆ ಆಡಿಸಿದ ಒಂದು ಗುರುತು. ಅದನ್ನು ಮೋಡವೆಂದು ವಾದಿಸಬಹುದು.

ಬೆಂಗಳೂರಿನಲ್ಲಿ ರುಮಾಲೆ ಚೆನ್ನಬಸವಯ್ಯನವರು (1910–1988) ಇದ್ದರು. ಸ್ವಾತಂತ್ರ್ಯ ಹೋರಾಟದಿಂದ ಬಂದವರು. ಹೂಬಿಟ್ಟ ಮರಗಳ ಎದುರಿಗೇ ಈಸೆಲ್ ನಿಲ್ಲಿಸಿ ಊರಿನ ಗುಲ್‌ಮೊಹರ್, ಜಕರಂದಗಳನ್ನು ಬರೆದವರು. ಬೆಂಗಳೂರಿನ ಆ ಮರಗಳಲ್ಲಿ ಎಷ್ಟೋ ಈಗ ಕ್ಯಾನ್ವಾಸಿನ ಮೇಲಷ್ಟೇ ಹೂ ಬಿಡುತ್ತವೆ. ಕ್ಯಾತನಿಗೆ ಅಂಥ ಮರವೂ ಇಲ್ಲ. ಅವನ ಚಿತ್ರವಸ್ತುವನ್ನು ಕೊಯ್ದು, ರಾಶಿ ಮಾಡಿ, ಚೀಲ ತುಂಬಿ ಬಜಾರಿಗೆ ಕಳಿಸಿಬಿಡುತ್ತಾರೆ.

ಊರೊಳಗೆ ಕ್ಯಾತ ಈಸೆಲ್ ಇಡದ ಒಂದು ಜಾಗವಿದೆ. 1948ರ ಮೇ ತಿಂಗಳಲ್ಲಿ, ಹೈದರಾಬಾದ್ ನಿಜಾಮನ ಪರ ನಿಂತ ಪಡೆಯವರಾದ ರಜಾಕಾರರು ಈ ಊರಿನ ಮೇಲೆ ಬಿದ್ದು ಜನರನ್ನು ಕೊಂದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಹುತಾತ್ಮರ ಸ್ಮಾರಕ 2023ರಲ್ಲಿ ಉದ್ಘಾಟನೆಯಾಯಿತು. ಅದನ್ನು ಬರೆಯುವ ಕೈ ಬೇರೆ. ಬಾಲವಿದ್ದವನ ಚೇಷ್ಟೆ ಅಲ್ಲಿ ಸಲ್ಲದು. ಅವನು ಬದುವಿಗೆ ಮರಳುತ್ತಾನೆ, ನಾವೂ ಮರಳೋಣ.

ಬಿಸಿಲು, ಗಾಳಿ, ಕಾಗದ ತಿನ್ನಲು ಬರುವ ಆಡು, ಇವೆಲ್ಲವನ್ನೂ ತಡೆದುಕೊಳ್ಳಬಹುದು. ಕಲ್ಲೆಸೆಯುವ ಹುಡುಗರಿಂದ ಕಾಂಡದ ಹಿಂಬದಿಗೆ ಜಾರಿ ತಪ್ಪಿಸಿಕೊಳ್ಳಲೂಬಹುದು. ಅವನಿಗೆ ನಿಜವಾಗಿ ಕುತ್ತು ತಂದದ್ದು ಅವನದೇ ಕುತ್ತಿಗೆ. ಓತಿಕ್ಯಾತ ಗೋಣು ಹಾಕುವುದನ್ನು ನೋಡಿದ್ದೀರಲ್ಲ. ಮುಂಗಾಲು ಊರಿ, ಎದೆ ಎತ್ತಿ, ಮೇಲೆ ಕೆಳಗೆ. ಬೆದೆಗಾಲದಲ್ಲಿ ತಲೆ ಗಂಟಲೆಲ್ಲ ಕೆಂಪೇರಿ ಗೋಣಾಟ ಇನ್ನೂ ಜೋರು. ಅದು ‘ಇದು ನನ್ನ ಜಾಗ’ ಎಂದು ಇನ್ನೊಂದು ಗಂಡಿಗೆ ಹೇಳುವ ರೀತಿ. ಮನುಷ್ಯರು ಅದನ್ನು ‘ಹೌದು’ ಎಂದು ತಿಳಿದರೆ ಯಾರೇನು ಮಾಡಬೇಕು?

ಮುಕ್ಕಾಲಿಯ ಮೇಲೆ ಹಲಗೆ ಇಟ್ಟು, ಒಂದು ಕಣ್ಣು ಮುಚ್ಚಿ ಹೊಲ ನೋಡುವವನನ್ನು ಕಂಡರೆ ರೈತನಿಗೆ ಬರುವ ಗುಮಾನಿ ಒಂದೇ.

“ಸರ್ವೆದವ್ರೇನ್ರಿ ಸಾಹೇಬ್ರ? ರಸ್ತಾ ನಮ್ಮ ಹೊಲದಾಗಿಂದೇ ಹೋಗ್ತದೇನು?”

ಕ್ಯಾತ ಗೋಣು ಹಾಕಿದ.

“ಪರಿಹಾರ ಕೊಡ್ತಾರಿಲ್ಲೋ?”

ಮತ್ತೆ ಗೋಣು ಹಾಕಿದ.

ಸಂಜೆಯೊಳಗೆ ಬದುವಿನ ಸುತ್ತ ಊರೇ ನೆರೆಯಿತು. ಒಬ್ಬರು ಪಹಣಿ ತಂದರು, ಒಬ್ಬರು ರೇಷನ್ ಕಾರ್ಡು ತಂದರು. ಇಷ್ಟು ವರ್ಷದಲ್ಲಿ ಯಾವ ಸಾಹೇಬರೂ ಹೀಗೆ ಕೇಳಿದ್ದಕ್ಕೆಲ್ಲ ಹೂಂ ಅಂದದ್ದಿಲ್ಲ ಎಂದು ಹಿರಿಯರು ಹೊಗಳಿದರು. ಚಿತ್ರದ ಕಡೆ ತಿರುಗಿ ನೋಡಿದ್ದು ಒಬ್ಬ ಮುದುಕಿ ಮಾತ್ರ. ಸೆರಗು ಸರಿಮಾಡಿಕೊಂಡು, ಹಲಗೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

“ಎಲ್ಲಾ ಛಂದ ಬರ್ದೀಯಪ್ಪಾ. ನನ್ನ ಎಮ್ಮಿ ಎಲ್ಲ್ಯಾದ?”

ಎಮ್ಮೆ ಬಣ್ಣದಲ್ಲಿರಲಿಲ್ಲ. ಸೋಮೇಶ್ವರನ ಅಂಟಿನ ಪಾಕ ಮುದುಕಿಯ ಕಿವಿಗೆ ಬಿದ್ದಿರದಿದ್ದುದು ಪುಣ್ಯ.

“ನಾಳೆ ಹಿಡ್ಕೊಂಡು ಬರ್ತೀನಿ. ಒಂದು ಕೊಂಬು ಮುರದದ, ಎರಡೂ ಬರಿಬೇಕು ನೋಡು. ಸಂತ್ಯಾಗ ಮಾರೋದದ.”

ಕ್ಯಾತ ಗೋಣು ಹಾಕಿದ.