ಒಂದೇ ಹೆಸರಿನ ಎರಡು ಅಂಗಡಿ

ಬೆಂಗಳೂರಿನಲ್ಲಿ ‘ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡುಗಳನ್ನು ಎಣಿಸಿಟ್ಟವರನ್ನು ನಾನು ಕಂಡಿಲ್ಲ. ಚಾಮರಾಜಪೇಟೆಯಿಂದ ಬಸವನಗುಡಿಯ ಕಡೆ ನಡೆದರೆ ಒಂದರ ಖಾರಾ ಬನ್ ತಿಂದು ಮುಗಿಸುವುದರೊಳಗೆ ಇನ್ನೊಂದು ಎದುರಾಗುತ್ತದೆ. ಹೊರಗಿನಿಂದ ಬಂದ ಗೆಳೆಯರು ಇದೊಂದು ದೊಡ್ಡ ಕಂಪನಿ, ಇವೆಲ್ಲ ಅದರ ಶಾಖೆಗಳು ಅಂದುಕೊಳ್ಳುತ್ತಾರೆ. ಆ ಹೆಸರಿಗೆ ಒಬ್ಬ ಯಜಮಾನನಿಲ್ಲ ಎಂದರೆ ನಂಬುವುದಿಲ್ಲ.

ಹಾಸನ ಸೀಮೆಯ ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ, ಊರಿಗೆ ಪ್ಲೇಗ್ ಬಂದ ವರ್ಷ. ಅದೇ ಭಯಕ್ಕೆ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಚದುರಿದರು. ಮುಂದಿನ ದಶಕಗಳಲ್ಲಿ ಬೇಕರಿಗಳೂ ಅಲ್ಲಿಗೆ ಹೋದವು. ಹಾಸನದ ಹಳ್ಳಿಗಳ ಹುಡುಗರು ನೆಂಟರ ಬೇಕರಿಗೆ ಬಂದು, ಹಿಟ್ಟು ನಾದಿ, ಭಟ್ಟಿಯ ಮುಂದೆ ಬೆವರಿ, ಕೆಲಸ ಕಲಿತ ಮೇಲೆ ತಮ್ಮದೇ ಅಂಗಡಿ ಇಟ್ಟರು. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದು. ಈಗ ಆ ಬೋರ್ಡಿನ ಹಿಂದೆ ಅಯ್ಯಂಗಾರರಲ್ಲದವರೂ ಬೇಕಾದಷ್ಟು ಜನ ಇದ್ದಾರೆ. (ಜಾತಿಯ ಹೆಸರೊಂದು ಮೊಟ್ಟೆಯಿಲ್ಲದ ಕೇಕಿನ ಖಾತರಿಯಾದ ಕಥೆಯನ್ನು ಬೇರೆಯೇ ಬರೆಯಬೇಕು.)

ನನ್ನ ಸೋದರಮಾವ ಸ್ವಯಂನಿವೃತ್ತಿ ತೆಗೆದುಕೊಂಡು, ಬಂದ ಹಣದಲ್ಲಿ ಗಾಂಧಿ ಬಜಾರಿನ ಹತ್ತಿರ ಬೇಕರಿ ಇಟ್ಟರು. ಅವರು ಆರಿಸಿಕೊಂಡದ್ದು ಯಜಮಾನ ಇರುವ ಹೆಸರು. ಕಂಪನಿಗೆ ಮೊದಲೇ ಫ್ರಾಂಚೈಸಿ ಶುಲ್ಕ, ಆಮೇಲೆ ಪ್ರತಿ ತಿಂಗಳ ವ್ಯಾಪಾರದಲ್ಲಿ ರಾಯಲ್ಟಿ. ಮೂರನೇ ವರ್ಷ ಹತ್ತು ನಿಮಿಷದ ನಡಿಗೆಯಲ್ಲಿ ಅದೇ ಬಣ್ಣದ, ಅದೇ ಬೋರ್ಡಿನ ಇನ್ನೊಂದು ಅಂಗಡಿ ಬಾಗಿಲು ತೆರೆಯಿತು.

“ಪಿಎಚ್.ಡಿ. ಮಾಡ್ತಿದ್ದೀಯಲ್ಲೇ, ಇದನ್ನ ಸ್ವಲ್ಪ ಓದಿ ಹೇಳು” ಎಂದು ಮಾವ ಕರಾರುಪತ್ರ ತಂದಿಟ್ಟರು. ಇಂಗ್ಲಿಷಿನಲ್ಲಿತ್ತು. ‘ನಾನ್-ಎಕ್ಸ್‌ಕ್ಲೂಸಿವ್’ ಎಂಬ ಒಂದು ಪದ ಸಿಕ್ಕಿತು. ಎಂದರೆ, ಆ ಪ್ರದೇಶದಲ್ಲಿ ಇನ್ನೆಷ್ಟು ಜನರಿಗಾದರೂ ಕಂಪನಿ ಅಂಗಡಿ ಕೊಡಬಹುದು. ಮಾವ ಮಾತ್ರ ಬೇರೆಯವರ ಒಂದು ಪೊಟ್ಟಣ ಕಾಂಗ್ರೆಸ್ ಕಡಲೆಕಾಯಿಯನ್ನೂ ಇಟ್ಟು ಮಾರುವಂತಿಲ್ಲ.

ಕಂಪನಿಯ ಲೆಕ್ಕ ಸರಳ. ಒಂದು ಅಂಗಡಿಯಲ್ಲಿ ನೂರು ರೂಪಾಯಿ ವ್ಯಾಪಾರ ಇತ್ತು ಅನ್ನಿ. ಪಕ್ಕದಲ್ಲಿ ಇನ್ನೊಂದು ಬಂದು ಎರಡರಲ್ಲೂ ಎಪ್ಪತ್ತೆಪ್ಪತ್ತು ಆಯಿತು. ರಾಯಲ್ಟಿ ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ. ಕಂಪನಿಗೆ ನೂರರ ಬದಲು ನೂರ ನಲವತ್ತರ ಪಾಲು. ಎಪ್ಪತ್ತರಲ್ಲಿ ಬಾಡಿಗೆ, ಕರೆಂಟು, ಇಬ್ಬರು ಹುಡುಗರ ಸಂಬಳ ಹುಟ್ಟುತ್ತದೆಯೇ ಎಂಬುದು ಅಂಗಡಿಯವರ ತಲೆನೋವು. ಹೊಸ ಅಂಗಡಿಯಾಕೆಯನ್ನೂ ಮಾವ ಹೋಗಿ ಮಾತಾಡಿಸಿದರು. ಆಕೆಯೂ ಸಾಲ ಮಾಡಿ ಹಾಕಿದ ಬಂಡವಾಳ. ಜಗಳವಾಡಲು ಹೋದವರು ಕಾಫಿ ಕುಡಿದು ಬಂದರು.

ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಮು ವ್ಯಾಪಾರಕ್ಕೆ ಅಡ್ಡಿಯಾಗುವ ಕರಾರು ಅಸಿಂಧು ಎನ್ನುತ್ತದೆ. ಆದರೆ ಕರಾರು ಜಾರಿಯಲ್ಲಿರುವಷ್ಟು ಕಾಲ ಫ್ರಾಂಚೈಸಿ ಪಡೆದವರ ಮೇಲಿನ ಇಂಥ ನಿರ್ಬಂಧ ಆ ಕಲಮಿಗೆ ಸಿಗುವುದಿಲ್ಲ ಎಂದು ಗುಜರಾತ್ ಬಾಟ್ಲಿಂಗ್–ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇನ್ನು ಗಡಿ ಬರೆದುಕೊಟ್ಟಿದ್ದರೂ ಎಷ್ಟು ಉಳಿಯುತ್ತಿತ್ತೋ! ಸಂಜೆ ಚೀಲ ಹಿಡಿದು ಬರುವ ಗಿರಾಕಿಗೆ ಬೀದಿಯ ಲೆಕ್ಕ ಇರುತ್ತದೆ. ಮೊಬೈಲಿನಲ್ಲಿ ಎರಡೂ ಅಂಗಡಿಗೆ ಅದೇ ಹೆಸರು, ಅದೇ ಕೇಕಿನ ಫೋಟೊ. ಹತ್ತು ರೂಪಾಯಿ ಕಡಿಮೆ ತೋರಿಸಿದ ಕಡೆಗೆ ಬೆರಳು ಹೋಗುತ್ತದೆ.

ಅಯ್ಯಂಗಾರ್ ಬೇಕರಿಗಳ ನಡುವೆ ಪೈಪೋಟಿ ಇಲ್ಲವೆಂದಲ್ಲ, ಮುಚ್ಚಿಹೋದವೂ ಇವೆ. ಅಲ್ಲಿ ಎದುರು ಅಂಗಡಿಯವನ ದಿಲ್‌ಪಸಂದ್ ಚೆನ್ನಾಗಿದ್ದರೆ ನಿನ್ನದನ್ನು ತಿದ್ದಿಕೊಳ್ಳಬಹುದು. ಮಾವನ ಅಂಗಡಿಗೂ ಆಕೆಯ ಅಂಗಡಿಗೂ ಕೇಕು ಬರುವುದು ಒಂದೇ ವ್ಯಾನಿನಲ್ಲಿ. ತಿದ್ದುವುದು ಏನನ್ನು?

ಕರಾರು ಮುಗಿಯಲು ಇನ್ನು ಹದಿನಾಲ್ಕು ತಿಂಗಳಿದೆ. ಆಮೇಲೆ ತನ್ನದೇ ಬೋರ್ಡು ಹಾಕಬಹುದೇ ಎಂದು ಮಾವ ವಕೀಲರನ್ನು ಕೇಳಿದ್ದಾರೆ. ಹಾಕಬಹುದಂತೆ. ಹೋದ ಭಾನುವಾರ ನಮ್ಮ ಮನೆಗೆ ಬಂದಾಗ ಭಟ್ಟಿಯ ಬೆಲೆ ವಿಚಾರಿಸಿದ ಚೀಟಿ ಜೇಬಿನಲ್ಲಿತ್ತು. ಆಮೇಲೆ ಅಡುಗೆಮನೆಗೆ ಹೋಗಿ, ಬನ್ನಿನ ಹಿಟ್ಟು ಉಬ್ಬಲು ಎಷ್ಟು ಹೊತ್ತು ಬಿಡಬೇಕು ಎಂದು ಅಮ್ಮನನ್ನು ಕೇಳಿದರು. ನಾಲ್ಕು ವರ್ಷದಿಂದ ಬೇಕರಿ ನಡೆಸುತ್ತಿರುವ ಮನುಷ್ಯ. ಅಮ್ಮನಿಗೂ ಗೊತ್ತಿರಲಿಲ್ಲ.