ಲೆಕ್ಕದ ಮೇಷ್ಟರ ಅನ್ವೇಷಣೆ

ಮಗಳಿಗೆ ವರ, ಮನೆಗೆ ಅಡಿಗೆಯವರು, ಮಗುವಿಗೆ ಲೆಕ್ಕದ ಮೇಷ್ಟರು: ಈ ಮೂವರನ್ನು ಹುಡುಕುವ ಕಾರ್ಯದಲ್ಲಿ ಮೊದಲಿನ ಎರಡು ಕಷ್ಟವೆಂಬುದನ್ನು ಲೋಕವೆಲ್ಲ ಒಪ್ಪುತ್ತದೆ. ಮೂರನೆಯದರ ಕಷ್ಟವನ್ನು ಬಲ್ಲವರು ಕಡಿಮೆ. ಗಣಿತದಲ್ಲಿ ಪದವಿ ಪಡೆದವರು ಬೀದಿಗೆ ನಾಲ್ವರು ಸಿಕ್ಕುತ್ತಾರೆ. ಮನೆಪಾಠದ ಫಲಕಗಳು ದೀಪದ ಕಂಬಕ್ಕೊಂದರಂತೆ ತೂಗುತ್ತಿವೆ. ಇಷ್ಟಿದ್ದೂ ಮೈಸೂರಿನ ಸರಸ್ವತೀಪುರದ ಒಂದು ಮನೆಯವರು, ಮೂರನೆಯ ತರಗತಿಯ ಮಗಳಿಗೆ ತಕ್ಕ ಗುರುವನ್ನು ಹುಡುಕುವುದರಲ್ಲಿ ಒಂದು ವರ್ಷವನ್ನೇ ಸವೆಸಬೇಕಾಯಿತು.

ಹುಡುಗಿ ಮಂದಬುದ್ಧಿಯವಳಲ್ಲ. ಕಥೆಯ ಪುಸ್ತಕವನ್ನು ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸುವಳು; ಭಾರತದ ಕಥೆ ಹೇಳುತ್ತ ಅಜ್ಜಿ ತಾನೇ ಮರೆತ ಹೆಸರನ್ನು ಆಕೆಗೆ ನೆನಪಿಸುವಳು. ಆದರೆ 38 ದೊಡ್ಡದೋ 41 ದೊಡ್ಡದೋ ಎಂದು ಕೇಳಿದರೆ ಗೋಡೆಯನ್ನು ನೋಡುವಳು. ಏಳಕ್ಕೆ ಐದು ಕೂಡಿಸಬೇಕಾದರೆ ಏಳರಿಂದ ಮುಂದಕ್ಕೆ ಎಣಿಸದೆ ಮತ್ತೆ ಒಂದರಿಂದಲೇ ಬೆರಳು ಮಡಿಸತೊಡಗುವಳು. ನಡುವೆ ಕಾಗೆಯೊಂದು ಕೂಗಿದರೆ ಆ ಎಣಿಕೆಯೂ ತಪ್ಪಿಹೋಗುವುದು. ಶುಕ್ರವಾರ ಬಾಯಿಪಾಠವಾಗಿದ್ದ ಮೂರರ ಮಗ್ಗಿ ಸೋಮವಾರಕ್ಕೆ ಮಾಯ. ಬಂಧುಗಳ ತೀರ್ಪು ಬೇಗನೆ ಹೊರಬಿತ್ತು: ಗಮನವಿಲ್ಲ, ಮುದ್ದು ಹೆಚ್ಚಾಗಿದೆ, ಎಲ್ಲಕ್ಕೂ ಫೋನೇ ಕಾರಣ. ಸೋದರಮಾವನೊಬ್ಬರು ನೆನೆಸಿದ ಬಾದಾಮಿಯನ್ನು ಸೂಚಿಸಿದರು. ಬಾದಾಮಿ ಮುಗಿಯಿತು, ಮಗ್ಗಿ ಬರಲಿಲ್ಲ.

ತರಗತಿಯ ಉಪಾಧ್ಯಾಯಿನಿಯ ಸಲಹೆಯ ಮೇರೆಗೆ ಮಗುವನ್ನು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಡಿಸ್ಕ್ಯಾಲ್ಕುಲಿಯ ಎಂಬ ಪದವಿತ್ತು, ಜೊತೆಗೆ ಗಮನ ಚದುರುವ ಸ್ವಭಾವದ ಮಾತೂ ಇತ್ತು. ಬುದ್ಧಿಗೇನೂ ಕೊರತೆಯಿಲ್ಲದಿದ್ದರೂ ಸಂಖ್ಯೆಯ ಅಳವು ಮಾತ್ರ ಮನಸ್ಸಿಗೆ ಹಿಡಿಯದ ಈ ತೊಡಕನ್ನು ಚೆಕೊಸ್ಲೊವಾಕಿಯದ ಮನೋವಿಜ್ಞಾನಿ ಲಾಡಿಸ್ಲಾವ್ ಕೋಶ್ಚ್ 1974ರಲ್ಲಿ ವಿವರವಾಗಿ ನಿರೂಪಿಸಿದ. ನೂರು ಮಕ್ಕಳಲ್ಲಿ 3ರಿಂದ 7 ಮಂದಿಗೆ ಇದು ಇರಬಹುದೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ; ಎಂದರೆ, ತುಂಬಿದ ತರಗತಿಯೊಂದರಲ್ಲಿ ಕಡೆಯ ಪಕ್ಷ ಒಬ್ಬರು. ನಮ್ಮ ದೇಶದ ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಹೊಸದಾಗಿ ರೂಪುಗೊಂಡಾಗ, ಅಂಗೀಕೃತವಾದ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು; ಡಿಸ್ಕ್ಯಾಲ್ಕುಲಿಯವನ್ನು ಆ ಕಾಯಿದೆ ಹೆಸರಿಸಿಯೇ ಹೇಳಿದೆ.

ರಾಯರು ವರದಿಯನ್ನು ಎರಡು ಬಾರಿ ಓದಿದರು; ಬಳಿಕ ಅದನ್ನು ಮಡಿಸಿ ಬೀರುವಿನಲ್ಲಿ, ಮನೆಯ ಕ್ರಯಪತ್ರದ ಕೆಳಗೆ ಇಟ್ಟರು. "ನಾಳೆ ಹತ್ತು ಜನರಿಗೆ ಗೊತ್ತಾದರೆ ಮಗುವಿನ ಗತಿಯೇನು?" ಎಂದರು. ಹೆಂಡತಿ ಎದುರಾಡಲಿಲ್ಲ. ಹೀಗೆ, ಮೊದಲು ಬಂದ ಮೂವರು ಗುರುಗಳಿಗೆ ಆ ವರದಿಯ ವಿಷಯ ತಿಳಿಯಲೇ ಇಲ್ಲ.

ಮೊದಲನೆಯವರು ನಿವೃತ್ತ ಮುಖ್ಯೋಪಾಧ್ಯಾಯರು. ಪ್ರತಿ ಮಗ್ಗಿಯನ್ನೂ ಇಪ್ಪತ್ತು ಸಲ ಬರೆಸಿದರು. ಮಗುವಿನ ಅಕ್ಷರ ದುಂಡಗಾಯಿತು. ಎರಡನೆಯದು ವ್ಯಕ್ತಿಯಲ್ಲ, ವೇಗದ ಲೆಕ್ಕವನ್ನು ಕಲಿಸುವ ತರಗತಿ. ಅಲ್ಲಿ ಮೇಜಿನ ಮೇಲೊಂದು ಗಡಿಯಾರ. ನಿಮಿಷದೊಳಗೆ ಎಷ್ಟು ಲೆಕ್ಕ ಮುಗಿಯಿತೆಂದು ಮಕ್ಕಳ ಹೆಸರಿನ ಮುಂದೆ ಬರೆಯುತ್ತಿದ್ದರು. ಚುರುಕಾದ ಮಕ್ಕಳಿಗೆ ಅದು ಆಟ. ಆದರೆ ಕೈಲೆಕ್ಕವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಲೇ ಹೆಣಗುವ ಮಗುವಿಗೆ ಗಡಿಯಾರ ಇನ್ನೊಂದು ಹೊರೆ. ಭಯವು ಮನಸ್ಸಿನಲ್ಲಿ ಜಾಗ ಹಿಡಿದಷ್ಟೂ ಅಂಕಿಗಳಿಗೆ ಜಾಗ ಸಾಲದು. ಮೂರನೆಯವನು ಎಂಜಿನಿಯರಿಂಗ್ ಓದುತ್ತಿದ್ದ ಸಂಭಾವಿತ ತರುಣ. ಮಗು ತಡವರಿಸಿದೊಡನೆ, ಪಾಪ, ಮರುಕದಿಂದ ತಾನೇ ಉತ್ತರವನ್ನು ಹೇಳಿಬಿಡುತ್ತಿದ್ದ. ಅವನ ಕಾಲದಲ್ಲಿ ಮನೆಲೆಕ್ಕದ ಪುಸ್ತಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಈ ಮೂವರಲ್ಲಿ ಒಬ್ಬರೂ ಕೆಟ್ಟ ಗುರುವಲ್ಲ. ರೋಗವನ್ನು ಮುಚ್ಚಿಟ್ಟು ವೈದ್ಯನನ್ನು ದೂರುವುದು ನ್ಯಾಯವೂ ಅಲ್ಲ. ಆದರೆ ಮಗು ಇಳಿದುಹೋಗುತ್ತಿತ್ತು. ನಾಲ್ಕು ಗಂಟೆಯಾಗುತ್ತಲೇ ಹೊಟ್ಟೆನೋವು ಬರುತ್ತಿತ್ತು. ಒಂದು ದಿನ ಅಕ್ಕಿಯ ಡಬ್ಬಿಯ ಹಿಂದೆ ತಾಯಿಗೆ ಮೂರು ಕಿರುಪರೀಕ್ಷೆಯ ಹಾಳೆಗಳು ಸಿಕ್ಕಿದವು. ಮೂರರ ಮೇಲೂ ತಂದೆಯ ಸಹಿ ಇರಬೇಕಾದ ಜಾಗ ಖಾಲಿ. ಅದೇ ರಾತ್ರಿ ಹುಡುಗಿ ಅಜ್ಜಿಯ ಪಕ್ಕದಲ್ಲಿ ಮಲಗಿ ಕೇಳಿದಳು: "ಅಜ್ಜೀ, ದಡ್ಡರಿಗೆ ದೊಡ್ಡವರಾದ ಮೇಲೆ ಏನು ಕೆಲಸ ಕೊಡ್ತಾರೆ?" ಅಜ್ಜಿ ಆ ಪ್ರಶ್ನೆಯನ್ನು ಬೆಳಿಗ್ಗೆ ಕಾಫಿಯ ಹೊತ್ತಿಗೆ, ಒಂದಕ್ಷರವನ್ನೂ ಬದಲಿಸದೆ, ಮಗನಿಗೆ ಒಪ್ಪಿಸಿದರು.

ನಾಲ್ಕನೆಯವರನ್ನು ಹೇಳಿದವರು ತರಗತಿಯ ಉಪಾಧ್ಯಾಯಿನಿಯೇ. ತಾವೇ ಮನೆಪಾಠ ಹೇಳಬಾರದೇ ಎಂದು ರಾಯರು ಕೇಳಿದ್ದುಂಟು. ಶಾಲೆಯಲ್ಲಿರುವ ಉಪಾಧ್ಯಾಯರು ಖಾಸಗಿ ಪಾಠ ಹೇಳಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 28ನೆಯ ಕಲಮು ನಿಷೇಧಿಸುತ್ತದೆಂದು ಆಕೆ ನಕ್ಕು ತಿಳಿಸಿ, ಕುವೆಂಪುನಗರದಲ್ಲಿದ್ದ ಗೆಳತಿಯೊಬ್ಬರ ವಿಳಾಸ ಕೊಟ್ಟರು. ಅವರು ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಕೆಲಸ ಬಿಟ್ಟವರು. ಗಣಿತದಲ್ಲಿ ದೊಡ್ಡ ಪದವಿಯೇನೂ ಇರಲಿಲ್ಲ. ಬಂದು ಕುಳಿತವರೇ, "ಪರೀಕ್ಷೆ ಮಾಡಿಸಿದ್ದೀರಾ? ವರದಿ ಇದ್ದರೆ ಕೊಡಿ" ಎಂದರು. ರಾಯರು ಹೆಂಡತಿಯ ಮುಖ ನೋಡಿದರು. ಆಕೆ ಎದ್ದು ಬೀರುವಿನ ಬೀಗದ ಕೈಯನ್ನು ತಂದು ಗಂಡನ ಕೈಯಲ್ಲಿಟ್ಟರು.

ಆಕೆಯ ಮೊದಲ ಪಾಠ ಹೀಗಿತ್ತು. "ಸಿಕ್ಸ್‌ಟೀನ್ ಬರಿ ಪುಟ್ಟಿ" ಎಂದರು. ಹುಡುಗಿ 61 ಎಂದು ಬರೆದು, ಎದುರಿನವರ ಮುಖ ನೋಡಿ, ರಬ್ಬರಿಗೆ ಕೈ ಹಾಕಿದಳು. "ಅಳಿಸಬೇಡ. ಯಾಕೆ ಹಾಗೆ ಬರೆದೆ, ಹೇಳು." ಸ್ವಲ್ಪ ಹೊತ್ತು ಮೌನ. ಬಳಿಕ ಹುಡುಗಿ, "ಸಿಕ್ಸ್ ಮೊದಲು ಕೇಳಿಸ್ತದೆ, ಅದಕ್ಕೆ" ಎಂದಳು. ಒಂದು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಗೆ ಎಂತಹ ನೇರವಾದ ಉತ್ತರ! ತಪ್ಪಿನೊಳಗೊಂದು ನ್ಯಾಯವಿತ್ತು. ಇಂಗ್ಲಿಷಿನಲ್ಲಿ ಹದಿಮೂರರಿಂದ ಹತ್ತೊಂಬತ್ತರವರೆಗೆ ಬಿಡಿಯನ್ನು ಮೊದಲು ನುಡಿದು ಹತ್ತನ್ನು ಆಮೇಲೆ ನುಡಿಯುತ್ತಾರೆ. ಬರೆಯುವುದು ಮಾತ್ರ ಹತ್ತನ್ನು ಮೊದಲಿಟ್ಟು. ಹಿಂದಿಯಲ್ಲಂತೂ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿಯೇ ಉರುಹೊಡೆಯಬೇಕು. ಕನ್ನಡ ಈ ವಿಷಯದಲ್ಲಿ ಮಕ್ಕಳ ಮೇಲೆ ಕರುಣೆಯುಳ್ಳ ಭಾಷೆ. ಹದಿನಾರು ಎಂದರೆ ಹತ್ತು, ಅದರ ಮೇಲೆ ಆರು; ನುಡಿದಂತೆಯೇ ಬರಹ. ಇಪ್ಪತ್ತು ಎಂಬುದು ಇರ್ಪತ್ತು, ಎರಡು ಹತ್ತು. ಮೂವತ್ತು, ಐವತ್ತು, ಅರವತ್ತು, ಎಂಬತ್ತು ಇವುಗಳ ಬಾಲದಲ್ಲೆಲ್ಲ ಹತ್ತು ಕುಳಿತಿರುವುದು ಕಿವಿಗೇ ಕೇಳಿಸುತ್ತದೆ. ತೊಂಬತ್ತೊಂದು ಸ್ವಲ್ಪ ತಂಟೆಕೋರ. ಇಂಗ್ಲಿಷ್ ಮಾಧ್ಯಮದ ಆ ಹುಡುಗಿಗೆ ಮನೆಮಾತಿನ ಈ ಅನುಕೂಲವನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ.

ಅಂದಿನಿಂದ ಅಂಕಿಗಳು ಮೊದಲು ಕನ್ನಡದಲ್ಲಿ ಕೇಳಿಸಿಕೊಂಡವು. ತೆಂಗಿನ ಪೊರಕೆಯ ಕಡ್ಡಿಗಳನ್ನು ಸಮನಾಗಿ ಮುರಿದು, ಹತ್ತು ಹತ್ತನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟರು; ಬಿಡಿಗೆ ಹುಣಿಸೆಬೀಜ. ಕೈಯಲ್ಲಿ ಹಿಡಿದದ್ದನ್ನು ಬಳಿಕ ಚಿತ್ರವಾಗಿ ಬರೆಯುವುದು, ಅಂಕಿ ಕಡೆಗೆ. ಇದು ಹೊಸ ಮಾರ್ಗವೇನಲ್ಲ. ರೋಮ್ ನಗರದಲ್ಲಿ ಕಲಿಕೆಗೆ ಹಿಂದೆ ಬಿದ್ದ ಮಕ್ಕಳ ನಡುವೆ ತಮ್ಮ ಕೆಲಸವನ್ನು ಆರಂಭಿಸಿದ ಮರಿಯಾ ಮಾಂಟೆಸ್ಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ದೆಸೆಯಿಂದ 1946ರವರೆಗೆ ಈ ದೇಶದಲ್ಲಿಯೇ ಉಳಿದು ಉಪಾಧ್ಯಾಯರಿಗೆ ಕಲಿಸಿದ್ದರಲ್ಲಿ ಹತ್ತು ಮಣಿಗಳ ಸರವೂ ಇತ್ತು. ಮಣಿಯ ಬದಲು ಪೊರಕೆಕಡ್ಡಿ, ವ್ಯತ್ಯಾಸ ಅಷ್ಟೇ.

ಮನೆಲೆಕ್ಕಕ್ಕೆ ಬದಲಾಗಿ ದಿನವೂ ಅಜ್ಜಿಯೊಡನೆ ಒಂದಾಟ ಚೌಕಾಬಾರ ಆಡತಕ್ಕದ್ದೆಂದು ಆಕೆ ವಿಧಿಸಿದಾಗ ರಾಯರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಆದರೆ ನಾಲ್ಕು ಕವಡೆಗಳಲ್ಲಿ ಮೂರು ಬಾಯಿ ತೆರೆದು ಬಿದ್ದರೆ, ಅದನ್ನು ಎಣಿಸದೆ ಮೂರೆಂದು ಕಾಣುವುದೇ ಇಂತಹ ಮಗುವಿಗೆ ಕಷ್ಟವಾದ ಪಾಠ. ನಾಲ್ಕೂ ಮಗುಚಿ ಬಿದ್ದರೆ ಎಂಟು. ಅಜ್ಜಿಯ ಕಾಯನ್ನು ಹೊಡೆಯಲು ಇನ್ನೆಷ್ಟು ಬೀಳಬೇಕೆಂಬುದು ಅಪ್ಪಟ ಕಳೆಯುವ ಲೆಕ್ಕ. ಅಜ್ಜಿ ದಯೆಯಿಂದ ಸೋಲುವ ಜಾತಿಯವರಲ್ಲವಾದ್ದರಿಂದ ಹುಡುಗಿ ಬಹುಬೇಗ ಲೆಕ್ಕ ಹಾಕತೊಡಗಿದಳು.

ತಿಂಗಳ ಕೊನೆಯಲ್ಲಿ ರಾಯರು ಕವರನ್ನು ಕೊಡುತ್ತ, "ತರಗತಿಯ ಮಟ್ಟಕ್ಕೆ ಯಾವಾಗ ಬರ್ತಾಳೆ?" ಎಂದು ಕೇಳಿದರು. "ಹೇಳೋಕಾಗಲ್ಲ ಸಾರ್. ಈಗ ಒಂದನೆಯ ತರಗತಿಯ ಲೆಕ್ಕದಲ್ಲಿದ್ದೇವೆ. ಅದು ಗಟ್ಟಿಯಾಗದೆ ಮುಂದಕ್ಕೆ ಹೋಗಲ್ಲ." ರಾಯರಿಗೆ ಈ ಮಾತು ರುಚಿಸಲಿಲ್ಲ. ಮೂರು ತಿಂಗಳಲ್ಲಿ ನೂರಕ್ಕೆ ತೊಂಬತ್ತು ಎಂದು ಭಾಷೆ ಕೊಡುವ ಫಲಕಗಳನ್ನು ನೋಡಿ ಪಳಗಿದ ಕಣ್ಣಿಗೆ ಈ ಪ್ರಾಮಾಣಿಕತೆ ಅಸಾಮರ್ಥ್ಯದಂತೆಯೇ ಕಂಡಿರಬೇಕು. ತಾಯಿ ಮಾತ್ರ ವರದಿಯ ಪ್ರತಿಯನ್ನು ಹಿಡಿದು ಶಾಲೆಗೆ ಹೋಗಿ, ಹತ್ತು ಲೆಕ್ಕದ ಕಡೆ ಐದು, ಪರೀಕ್ಷೆಗೆ ಹೆಚ್ಚಿನ ಸಮಯ, ಮೇಜಿನ ಮೇಲೆ ಮಗ್ಗಿಯ ಪಟ್ಟಿ, ಇಷ್ಟಕ್ಕೆ ಒಪ್ಪಿಗೆ ಪಡೆದು ಬಂದರು. ಹತ್ತು ಜನರಿಗೆ ಗೊತ್ತಾಯಿತು. ಹೆಚ್ಚೇನೂ ಆಗಲಿಲ್ಲ, ಇಬ್ಬರು ತಾಯಂದಿರು ಗುಟ್ಟಾಗಿ ಆ ಸಂಸ್ಥೆಗೆ ಹೋಗುವ ಬಗೆಯನ್ನು ಕೇಳಿದರು.

ಆರು ತಿಂಗಳು ಕಳೆದಿವೆ. ಮಗ್ಗಿ ಈಗಲೂ ಕೈಕೊಡುತ್ತದೆ. ಅಂಕಪಟ್ಟಿಯಲ್ಲಿ ಕನ್ನಡದ ಪಕ್ಕದಲ್ಲಿ ಲೆಕ್ಕ ಇನ್ನೂ ನಾಚಿಕೊಂಡೇ ನಿಂತಿದೆ. ಆದರೆ ಏಳಕ್ಕೆ ಎಂಟು ಕೂಡಿಸೆಂದರೆ ಹುಡುಗಿ, "ಏಳೂ ಏಳೂ ಹದಿನಾಲ್ಕು, ಇನ್ನೊಂದು" ಎಂದು ತಾನು ನಡೆದ ದಾರಿಯನ್ನು ಹೇಳುತ್ತಾಳೆ. ನಾಲ್ಕು ಗಂಟೆಯ ಹೊಟ್ಟೆನೋವು ಕಾಣಿಸಿಕೊಂಡಿಲ್ಲ. ಅಕ್ಕಿಯ ಡಬ್ಬಿಯ ಹಿಂದೆ ಅಕ್ಕಿಯ ಧೂಳಷ್ಟೇ ಇದೆ.

ಇಷ್ಟರಲ್ಲಿ ಆ ಉಪಾಧ್ಯಾಯಿನಿಯ ಯಜಮಾನರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಮತ್ತೆ ಹುಡುಕಾಟ. ಈ ಸಲ ಫೋನು ಹಿಡಿದವರು ತಾಯಿ. ಪದವಿ, ಅನುಭವ, ಶುಲ್ಕ ಯಾವುದನ್ನೂ ಮೊದಲು ಕೇಳಲಿಲ್ಲ. ಮಗುವಿನ ವಿಷಯವನ್ನೆಲ್ಲ ತಾವೇ ತಿಳಿಸಿ, "ಸಿಕ್ಸ್‌ಟೀನ್ ಅಂದರೆ ಅರವತ್ತೊಂದು ಬರೆದಳು ಅಂತ ಇಟ್ಟುಕೊಳ್ಳಿ. ನೀವು ಏನು ಮಾಡ್ತೀರಿ?" ಎಂದು ಕೇಳಿದರು. ಒಬ್ಬರು ಹತ್ತು ಸಲ ಬರೆಸುವುದಾಗಿ ಹೇಳಿದರು. ಇನ್ನೊಬ್ಬರು ಅಂಥ ತಪ್ಪು ತಮ್ಮ ಮಕ್ಕಳಲ್ಲಿ ಬರುವುದೇ ಇಲ್ಲವೆಂದರು. ಮೂರನೆಯವಳು, ಇನ್ನೂ ಬಿ.ಎಡ್. ಓದುತ್ತಿರುವ ಹುಡುಗಿ, ಕೊಂಚ ತಡೆದು, "ಯಾಕೆ ಹಾಗೆ ಬರೆದೆ ಅಂತ ಕೇಳ್ತೀನಿ ಮೇಡಂ" ಎಂದಳು.

ಆಕೆಯನ್ನು ಬರುವ ಸೋಮವಾರ ನಾಲ್ಕೂವರೆಗೆ ಬರಹೇಳಿದ್ದಾರೆ. ವರದಿಯನ್ನು ರಾಯರು ಆಗಲೇ ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದಾರೆ.