ಚಾವಡಿಯ ಕಡಲಿಗೆ ಹಾಳೆಯ ಬೀಸಣಿಗೆ

ಉಜಿರೆಯಿಂದ ಚಾರ್ಮಾಡಿ ಘಾಟಿಯತ್ತ ಹೊರಟರೆ ಮುಂಡಾಜೆ ದಾಟಿದ ಮೇಲೆ ಕಕ್ಕಿಂಜೆ. ಕಣ್ಣೆತ್ತಿದರೆ ಘಟ್ಟ, ತಗ್ಗಿಸಿದರೆ ಅಡಕೆ ತೋಟ. ಕಡಲು ನೋಡಬೇಕೆಂದರೆ ಬಸ್ಸು ಹತ್ತಿ ಮಂಗಳೂರಿಗೇ ಹೋಗಬೇಕು. ಅಂಥ ಊರಿನ ಒಂದು ಹಂಚಿನ ಮನೆಯ ಚಾವಡಿಯಲ್ಲಿ ನೂರು ಲೀಟರಿನಷ್ಟು ಕಡಲು ಇದೆ. ಗಾಜಿನ ತೊಟ್ಟಿ, ಉಪ್ಪುನೀರು, ಬಿಳಿ ಪಟ್ಟಿಯ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು, ಎರಡು ಸಿಗಡಿ.

ಮನೆಯ ಹುಡುಗ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಹವಳಗಳನ್ನು ಕಂಡು ಬಂದಿದ್ದ. ಅಂದಿನಿಂದ ಹತ್ತಿದ ಹುಚ್ಚು ಇದು. ಆದರೆ ಅವನ ತೊಟ್ಟಿಯಲ್ಲಿ ಹವಳವಿಲ್ಲ. ದಿಬ್ಬ ಕಟ್ಟುವ ಹವಳಗಳೆಲ್ಲ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿವೆ. ಹುಲಿ, ಆನೆಗಳಿರುವ ಪಟ್ಟಿ ಅದು. ಹಾಗಾಗಿ ಸಿಮೆಂಟು ಕಲಸಿ ತಾನೇ ಮಾಡಿದ ಬಂಡೆಗಳು, ಮರಿಕೇಂದ್ರದಲ್ಲಿ ಹುಟ್ಟಿ ಬೆಳೆದ ಮೀನು. ಪೇಟೆಯಲ್ಲಿ ಯಾರಾದರೂ ಜೀವಂತ ಹವಳ ಮಾರಲು ಬಂದರೆ ಹೆತ್ತವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮಳೆಗಾಲ, ಚಳಿಗಾಲ ಕಳೆಯುವುದು ಸುಲಭ. ಎಪ್ರಿಲ್ ಬಂತೆಂದರೆ ಪರೀಕ್ಷೆ, ಹುಡುಗನಿಗೂ ಮೀನಿಗೂ. ತೊಟ್ಟಿಯ ನೀರು 25ರಿಂದ 27 ಡಿಗ್ರಿಯಲ್ಲಿದ್ದರೆ ಹಿತ. ಕಕ್ಕಿಂಜೆಯ ಸೆಕೆಗೆ ಅದು 31 ಮುಟ್ಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಸುಮಾರು 6.2 ಮಾತ್ರ. ಅದೇ ಹೊತ್ತಿಗೆ ಮೀನಿನ ಮೈಯೂ ಬಿಸಿಯೇರಿ ಹೆಚ್ಚು ಉಸಿರು ಬೇಡುತ್ತದೆ. ಸಂಬಳ ಇಳಿದ ತಿಂಗಳಲ್ಲೇ ಮನೆಗೆ ನೆಂಟರು ಬಂದ ಹಾಗೆ.

ತೊಟ್ಟಿ ತಣಿಸುವ ಯಂತ್ರ ಸಿಗುತ್ತದೆ. ಅದರ ಬೆಲೆ ಕೇಳಿದ ಅಪ್ಪ ಅಡಕೆ ಧಾರಣೆಯ ಮಾತು ತೆಗೆದರು. ಹುಡುಗ ಮತ್ತೆ ಕೇಳಲಿಲ್ಲ. ತೊಟ್ಟಿಯನ್ನು ಪಡುಗೋಡೆಯಿಂದ ಈಚೆ ಸರಿಸಿದ, ಮಧ್ಯಾಹ್ನ ದೀಪ ಆರಿಸಿದ, ಮುಚ್ಚಳ ತೆಗೆದು ಸೊಳ್ಳೆಪರದೆಯ ತುಂಡು ಕಟ್ಟಿದ. ಇಲ್ಲವಾದರೆ ಮೀನು ಹಾರಿ ನೆಲಕ್ಕೆ ಬಿದ್ದೀತು. ಕೊನೆಗೆ ಹಳೆಯ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಬೀಸುವಂತೆ ನಿಲ್ಲಿಸಿದ. ಎರಡು ಡಿಗ್ರಿ ಇಳಿಯಿತು!

ಮಣ್ಣಿನ ಹೂಜಿಯೊಳಗಿನ ನೀರು ತಣ್ಣಗಿರುವ ಗುಟ್ಟೇ ಇದು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ನೂರು ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದದ್ದು ನೂರು ಕಿಲೋಕ್ಯಾಲರಿಯಷ್ಟೇ. ಲೆಕ್ಕದಲ್ಲಿ ಐದು ಡಿಗ್ರಿಗೂ ಮಿಕ್ಕಿ ಇಳಿಯಬೇಕಿತ್ತು. ಆದರೆ ಸುತ್ತಲಿನ ಸೆಕೆ ಮತ್ತೆ ಗಾಜಿನ ಮೂಲಕ ಒಳಗೆ ನುಗ್ಗುತ್ತದೆ. ಜೊತೆಗೆ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಆವಿ ನಿಧಾನ. ಚಿತ್ರದುರ್ಗದಲ್ಲಾದರೆ ಇದೇ ಫ್ಯಾನು ಇನ್ನೂ ಹೆಚ್ಚು ಕೆಲಸ ಮಾಡೀತು. ಒಂದು ಎಚ್ಚರ: ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಸಿಹಿನೀರು.

2024ರ ಎಪ್ರಿಲ್ 15ರಂದು, ಜಗತ್ತಿನ ಹವಳಗಳು ನಾಲ್ಕನೆಯ ಬಾರಿ ವ್ಯಾಪಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು ಅಮೆರಿಕದ ಸಾಗರ ವಿಜ್ಞಾನಿಗಳು ಪ್ರಕಟಿಸಿದರು. ಬೇಸಿಗೆಯ ಎಂದಿನ ಗರಿಷ್ಠ ಶಾಖಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗೆ ಬದುಕುವ, ತನಗೆ ಅನ್ನ ಬೇಯಿಸಿ ಹಾಕುವ ಪಾಚಿಯನ್ನೇ ಹೊರಹಾಕಿ ಬಿಳಿಯಾಗುತ್ತದೆ. ನಮ್ಮ ಲಕ್ಷದ್ವೀಪದಲ್ಲೂ ಆ ಬೇಸಿಗೆ ಹಾಗೇ ಆಯಿತು. ಆ ಕಡಲಿಗೆ ಯಾವ ಫ್ಯಾನು ಹಿಡಿಯೋಣ?

ಕಕ್ಕಿಂಜೆಯ ಹುಡುಗನಿಗೆ ಮಾತ್ರ ಎಪ್ರಿಲ್ 18 ಮತ್ತು 19ರಂದು ಸಿಇಟಿ. ಕೇಂದ್ರ ಮಂಗಳೂರಿನಲ್ಲಿ, ವಾಸ ಸೋದರಮಾವನ ಮನೆಯಲ್ಲಿ. ಹೊರಡುವ ಮೊದಲು ಹಾಳೆ ತುಂಬ ಬರೆದು ತೊಟ್ಟಿಗೆ ಅಂಟಿಸಿದ. ಕರೆಂಟು ಹೋದರೆ ಶೆಲ್ಲು ಹಾಕುವ ಗಾಳಿಪಂಪು ನಡೆಸಬೇಕು. ಮಂಜುಗಡ್ಡೆಯನ್ನು ನೀರಿಗೆ ಸುರಿಯಬಾರದು, ಮುಚ್ಚಿದ ಬಾಟಲಿಯಲ್ಲೇ ತೇಲಿಬಿಡಬೇಕು, ಅದೂ ಒಂದೊಂದೇ, ಯಾಕೆಂದರೆ ಸೆಕೆಗಿಂತ ಒಮ್ಮೆಗೇ ಬೀಳುವ ಚಳಿ ಕೆಟ್ಟದ್ದು. "ನೀನು ಹೋಗು ಮಾರಾಯ, ನಾವು ನೋಡಿಕೊಳ್ಳುತ್ತೇವೆ" ಎಂದರು ಅಪ್ಪ.

ಮೊದಲ ದಿನ ಮಧ್ಯಾಹ್ನವೇ ಲೈನಿನ ಮೇಲೆ ಮರದ ಗೆಲ್ಲು ಬಿತ್ತು. ಇನ್ವರ್ಟರ್ ಎರಡು ಗಂಟೆ ದುಡಿದು ಕೀ ಎಂದು ಮಲಗಿತು. ಫ್ರಿಜ್ಜಿನಲ್ಲಿದ್ದ ಎರಡು ಬಾಟಲಿ ಮಂಜುಗಡ್ಡೆ ಕರಗಿತು. ನೀರು 30 ದಾಟಿತು. ಮಗನಿಗೆ ಫೋನು ಮಾಡೋಣವೇ? ನಾಳೆ ಭೌತಶಾಸ್ತ್ರ, ರಸಾಯನಶಾಸ್ತ್ರ ಇದೆ. ಸಂಜೆ ಅವನೇ ಫೋನು ಮಾಡಿದಾಗ ಅಮ್ಮ "ಎಲ್ಲ ಸರಿ ಉಂಟು" ಎಂದು ಬಿಟ್ಟರು.

ಉಪಾಯ ಕಂಡದ್ದೂ ಅಮ್ಮನಿಗೇ. ಹಳೆಯ ಬೈರಾಸನ್ನು ಬಾವಿನೀರಿನಲ್ಲಿ ಅದ್ದಿ ತೊಟ್ಟಿಯ ಗಾಜಿಗೆ ಸುತ್ತಿದರು, ಅಡಕೆ ಹಾಳೆಯ ಬೀಸಣಿಗೆ ಹಿಡಿದು ಕುಳಿತು ಬೀಸಿದರು. ಫ್ಯಾನು ಮಾಡುತ್ತಿದ್ದ ಕೆಲಸ ಅದೇ ತಾನೇ! ಬಟ್ಟೆ ಒಣಗಿದಾಗ ಮತ್ತೆ ಅದ್ದುವುದು. ಅಪ್ಪ ಗಂಟೆಗೊಮ್ಮೆ ಥರ್ಮಾಮೀಟರು ನೋಡಿ ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದರು. ರಾತ್ರಿ ಹತ್ತಕ್ಕೆ ನೀರು 29ಕ್ಕೆ ಇಳಿದಿತ್ತು. ನೀರಾವರಿಯ ಕರೆಂಟಿಗಾಗಿ ಅಪರಾತ್ರಿಯಲ್ಲಿ ಏಳುವ ಅಭ್ಯಾಸವಿದ್ದ ಅಪ್ಪ ಪಕ್ಕದಲ್ಲೇ ಚಾಪೆ ಹಾಸಿದರು.

ಸೆಕೆ ಗೆದ್ದ ರಾತ್ರಿಯಲ್ಲಿ ಸೋಲು ಬಂದದ್ದು ಬೇರೆ ಕಡೆಯಿಂದ. ಮೂರು ಗಂಟೆಗೆ ಎಚ್ಚರವಾದಾಗ ಗಾಳಿಪಂಪಿನ ಸದ್ದಿರಲಿಲ್ಲ. ಶೆಲ್ಲು ಮುಗಿದಿತ್ತು. ಟಾರ್ಚು ಹಾಕಿದರೆ ಎರಡೂ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ನೀರನ್ನು ಮೊಗೆದು ಮೇಲಿನಿಂದ ಹೊಯ್ದರೆ ಗಾಳಿ ಬೆರೆಯುತ್ತದೆ ಎಂದು ಮಗನ ಕಾಗದದಲ್ಲಿತ್ತು. ಕೈಗೆ ಸಿಕ್ಕಿದ್ದು ತಾಮ್ರದ ಚೆಂಬು. ಅದನ್ನು ಅದ್ದಬೇಕು ಎನ್ನುವಾಗ ಕಳೆದ ಮಳೆಗಾಲದ ಜಗಳ ನೆನಪಾಯಿತು. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಹಾಕಬೇಡಿ ಎಂದು ಮಗ ಅರಚಿದ್ದ. ತೋಟದ ಶಿಲೀಂಧ್ರ ಕೊಲ್ಲುವ ತಾಮ್ರವೇ ಸಿಗಡಿಗೂ ವಿಷ. ಚೆಂಬು ಅಲ್ಲೇ ಬಿತ್ತು. ಬಚ್ಚಲಿನಿಂದ ಪ್ಲಾಸ್ಟಿಕ್ ಮಗ್ಗು ತಂದು, ತೊಳೆದು, ಬೆಳಗಾಗುವವರೆಗೆ ಮೊಗೆದು ಹೊಯ್ದರು. ಮೀನು ಉಳಿದವು. ಒಂದು ಸಿಗಡಿ ಬಂಡೆಯ ಬುಡದಲ್ಲಿ ಅಡ್ಡವಾಗಿ ಬಿದ್ದಿತ್ತು.

ಮಧ್ಯಾಹ್ನ ಕರೆಂಟು ಬಂತು, ರಾತ್ರಿ ಹುಡುಗ ಬಂದ. ಚಪ್ಪಲಿ ಕಳಚುವ ಮೊದಲೇ ತೊಟ್ಟಿಯ ಮುಂದೆ ಕುಳಿತು ಎಣಿಸಿದ. ಮತ್ತೊಮ್ಮೆ ಎಣಿಸಿದ. ಅಪ್ಪ ಏನೂ ಹೇಳದೆ ಲೆಕ್ಕದ ಪುಸ್ತಕ ತೆರೆದು ಮುಂದಿಟ್ಟರು. ಗೊಬ್ಬರದ ಖರ್ಚಿನ ಕೆಳಗೆ ಸಾಲಾಗಿ ಗಂಟೆ, ಡಿಗ್ರಿ. ಎರಡರ ನಂತರ ಒಂದು ಸಾಲು ಖಾಲಿ.

"ಚೆಂಬು ಹಾಕಲಿಲ್ಲವಾ ಅಪ್ಪಾ?"

"ಇಲ್ಲ ಮಾರಾಯ, ಮಗ್ಗಿನಲ್ಲೇ."

ಹುಡುಗ ತಲೆಯಾಡಿಸಿ ಮತ್ತೆ ಪುಸ್ತಕ ನೋಡಿದ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಸ್ವರ ಬಂತು: "ಪರೀಕ್ಷೆ ಹೇಗಾಯಿತು ಅಂತ ಯಾರೂ ಕೇಳಲೇ ಇಲ್ಲವಲ್ಲ!"

"ಪಠ್ಯದಲ್ಲಿ ಇಲ್ಲದ್ದನ್ನೆಲ್ಲ ಕೇಳಿದ್ದಾರೆ ಅಮ್ಮ" ಎಂದ ಅವನು.